ಮುದ್ದಣನ ಮನೆಮಾತು

ಬರೆಯಲು ವಸ್ತುವೆಲ್ಲಿ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಮುದ್ದಣನ ಬಾಳನ್ನು ಹೇಳುವುದುಂಟು. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಾಯಣಪ್ಪನನ್ನು ಬಡತನ ಕಡೆಯವರೆಗೂ ಬಿಡಲಿಲ್ಲ. ಓದು ನಡುವೆಯೇ ನಿಂತಿತು. ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿ ಹುಡುಗರಿಗೆ ಕವಾಯತು ಕಲಿಸುತ್ತ, ಬಿಡುವಿನಲ್ಲಿ ಹಳಗನ್ನಡವನ್ನು ವಶಮಾಡಿಕೊಂಡನು. ಬರೆದುದನ್ನು ಪ್ರಾಚೀನ ಕೃತಿಯೆಂಬಂತೆ ಮೈಸೂರಿಗೆ ಕಳುಹಿಸಿದನು. ಅದು ಹಾಗೆಯೇ ಅಚ್ಚಾಯಿತು.

ಹೆಸರನ್ನು ಮರೆಮಾಡಿದವನು ಮನೆಯನ್ನು ಮರೆಮಾಡಲಾರದೆ ಹೋದನು. 'ಶ್ರೀರಾಮಾಶ್ವಮೇಧ'ದಲ್ಲಿ ಯಾಗದ ಕುದುರೆ ದೇಶದೇಶಗಳನ್ನು ಸುತ್ತುತ್ತಿದ್ದರೆ, ಕಥೆಯ ಅಂಚಿನಲ್ಲಿ ಗಂಡಹೆಂಡಿರು ಕುಳಿತು ಮಾತನಾಡುತ್ತಾರೆ. ಹೊರಗೆ ಮಳೆಗಾಲ, ಒಳಗೆ ದಣಿದು ಬಂದ ಗಂಡ, ಕಥೆ ಹೇಳೆಂದು ಕಾಡುವ ಮನೋರಮೆ. ಅವಳ ಕೊಂಕು, ಹುಸಿಮುನಿಸು, ಕಥೆಯ ಬಹುಮಾನಕ್ಕಾಗಿ ನಡೆಯುವ ಚೌಕಾಶಿ: ಇವು ಯಾವ ಪುರಾಣದಿಂದ ಬಂದುವು? ಎಲ್ಲರ ಮನೆಯ ಜಗಲಿಯಿಂದಲೇ ಅಲ್ಲವೆ?

1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯ ಅವನನ್ನು ಕೊಂಡೊಯ್ದಿತು. ಆತನೇ ಆ ಕೃತಿಯ ಕರ್ತೃವೆಂದು ನಾಡು ಒಪ್ಪಿದುದು ಎಷ್ಟೋ ವರ್ಷಗಳ ಮೇಲೆ. ಕುದುರೆಯ ದಾರಿಯನ್ನು ಮರೆತ ಓದುಗರೂ ಆ ಸಲ್ಲಾಪವನ್ನು ಮರೆತಿಲ್ಲ.

ಪಾಠ ಮುಗಿಸಿ ಸಂಜೆ ಮನೆಗೆ ಮರಳುವಾಗ ನನಗೆ ಕೆಲವೊಮ್ಮೆ ನಾಚಿಕೆಯಾಗುತ್ತದೆ. ವಸ್ತುವಿಲ್ಲವೆಂದು ಲೇಖನಿಯನ್ನು ಕೆಳಗಿಟ್ಟವನು ನಾನೂ ಹೌದು. ಬಾಗಿಲಲ್ಲಿ ನನ್ನನ್ನು ಕರೆದ ಮಾತಿಗೆ ಎಷ್ಟು ದಿನ ಬರಿಯ ಹೂಂಗುಟ್ಟಿ ಒಳನಡೆದೆನೊ!