ಲಾತೂರಿನ ವಕೀಲ ಕಾಸಿಂ ರಜ್ವಿ
ನಮ್ಮ ಅಕ್ಕಲಕೋಟ ದಾಟಿ ಆಳಂದದ ಕಡೆ ಹೊಂಟ್ರೆ ಆಗ ನಿಜಾಮರ ಸೀಮೆ. ಲಾತೂರಿನಲ್ಲಿ ವಕೀಲಿಕೆ ಮಾಡ್ತಿದ್ದ ಕಾಸಿಂ ರಜ್ವಿ 1946ರಲ್ಲಿ ಅಲ್ಲಿನ ಇತ್ತೆಹಾದುಲ್ ಮುಸ್ಲಿಮೀನ್ ಮುಖಂಡನಾದ. ರಾಜ್ಯದ ಒಡೆತನದಲ್ಲಿ ಬಡ ಮುಸಲ್ಮಾನನಿಗೂ ಪಾಲುಂಟೆಂಬುದು ಆ ಸಂಘಟನೆಯ ಹಳೇ ಪಾಠ. ಪಾಲು ಕೈತಪ್ಪೀತೆಂಬ ಅಂಜಿಕೆಯನ್ನು ಈತ ಬಿತ್ತಿದ. ದಿಲ್ಲಿಯ ಕೆಂಪುಕೋಟೆ ಮೇಲೆ ನಿಜಾಮರ ಬಾವುಟ ಹಾರಿಸುವ ಮಾತನ್ನೂ ಆಡಿದ. ಬೀಜವನ್ನಾದರೆ ನಾವು ಮುಟ್ಟಿ ನೋಡಿ ಕೊಳ್ತೀವಿ, ಭಾಷಣವನ್ನಲ್ಲ.

1947ರ ಅಕ್ಟೋಬರದಾಗ ಅವನ ಮಂದಿ ನಿಜಾಮರ ಸಂಧಾನಕಾರರ ಮನೆಗಳನ್ನೇ ಮುತ್ತಿ ದಿಲ್ಲಿ ಪಯಣ ತಡೆದರು. ದೊರೆಯೇ ಅವನ ಕೈಗೆ ಸಿಕ್ಕಂತಾಯ್ತು. ರಜಾಕಾರರು ಹಳ್ಳಿಗಳನ್ನು ಸುಲಿದರು. ಜನ ಸೊಲ್ಲಾಪುರಕ್ಕೆ ಓಡಿಬಂದರು. ಎದುರು ಬರೆದ ಪತ್ರಕರ್ತ ಶೋಯೆಬುಲ್ಲಾ ಖಾನ್ 1948ರ ಆಗಸ್ಟಿನಲ್ಲಿ ಕೊಲೆಯಾದ. ಸೆಪ್ಟೆಂಬರ್ 13ಕ್ಕೆ ಸೊಲ್ಲಾಪುರದಿಂದ ಸೇನೆ ಹೊರಟಿತು, ಐದೇ ದಿನಕ್ಕೆ ಮುಗೀತು. ಆಮೇಲೆ ಸೇಡಿಗೆ ಸತ್ತವರು ಏನೂ ಮಾಡದ ಸಾವಿರಾರು ಮುಸಲ್ಮಾನರು. ರಜ್ವಿ 1957ರಲ್ಲಿ ಜೈಲಿನಿಂದ ಬಿಡುಗಡೆಯಾಗಿ ಪಾಕಿಸ್ತಾನ ಸೇರಿದ. 1970ರಲ್ಲಿ ಕರಾಚಿಯಲ್ಲಿ ತೀರಿಕೊಂಡ.