1855: ವಾಲ್ಟ್ ವಿಟ್ಮನ್ನನ ಬಾಳಿನಲ್ಲಿ ಒಂದು ವರ್ಷ

ಪ್ರಪಂಚದ ಕಾವ್ಯಚರಿತ್ರೆಯಲ್ಲಿ ಕೆಲವು ವರ್ಷಗಳು ಸುಗ್ಗಿಯ ವರ್ಷಗಳು. 1855 ಅಂಥವುಗಳಲ್ಲೊಂದು. ಆ ವರ್ಷ ಇಂಗ್ಲೆಂಡಿನಲ್ಲಿ ಆಸ್ಥಾನಕವಿ ಟೆನಿಸನ್ನನ ‘ಮಾಡ್’ ಹೊರಬಂದಿತು. ರಾಬರ್ಟ್ ಬ್ರೌನಿಂಗನ ‘ಮೆನ್ ಅಂಡ್ ವಿಮೆನ್’ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಬೋದಿಲೇರನ 18 ಕವಿತೆಗಳು, ಮುಂದೆ ಅವನ ಗ್ರಂಥಕ್ಕೆ ನಿಂತ ‘ಲೆ ಫ್ಲರ್ ದ್ಯು ಮಾಲ್’ ಎಂಬ ಹೆಸರಿನಲ್ಲಿಯೇ ಪ್ಯಾರಿಸ್ಸಿನ ಒಂದು ಪತ್ರಿಕೆಯಲ್ಲಿ ಬೆಳಕು ಕಂಡವು. ಅಮೆರಿಕದಲ್ಲಿ ಲಾಂಗ್‌ಫೆಲೋ ಕವಿಯ ‘ಹಯವಾಥಾ’ ನವೆಂಬರಿನಲ್ಲಿ ಅಚ್ಚಾಗಿ ಮನೆಮನೆಯ ಮಾತಾಯಿತು.

ಇದೇ ವರ್ಷದ ಜುಲೈ ತಿಂಗಳ ಆದಿಯಲ್ಲಿ, ನ್ಯೂಯಾರ್ಕಿನ ನೆರೆಯಲ್ಲಿದ್ದ ಬ್ರೂಕ್ಲಿನ್ ನಗರದ ಒಂದು ಸಣ್ಣ ಅಚ್ಚುಕೂಟದಿಂದ 95 ಪುಟಗಳ ಒಂದು ಪುಸ್ತಕ ಹೊರಬಿದ್ದಿತು. ಹಸಿರು ಬಟ್ಟೆಯ ರಟ್ಟು. ಅದರ ಮೇಲೆ ಬೇರು ಎಲೆಗಳು ಚಿಗುರಿದಂತೆ ಬರೆದ ಬಂಗಾರದ ಅಕ್ಷರಗಳು. ಹೆಸರು ‘ಲೀವ್ಸ್ ಆಫ್ ಗ್ರಾಸ್’. ಶೀರ್ಷಿಕೆಯ ಪುಟದಲ್ಲಿ ಕವಿಯ ಹೆಸರೇ ಇರಲಿಲ್ಲ. ಬರೆದವನು 36 ವರ್ಷ ವಯಸ್ಸಿನ ವಾಲ್ಟ್ ವಿಟ್ಮನ್, ಒಬ್ಬ ಬಡಗಿಯ ಮಗ. ಮೇಲೆ ಹೆಸರಿಸಿದ ಕವಿಗಳ ಸಾಲಿನಲ್ಲಿ ಆ ದಿನ ಅವನನ್ನು ಯಾರೂ ಕೂರಿಸುತ್ತಿರಲಿಲ್ಲ. ಈ ಒಂದು ವರ್ಷದ ಕಥೆಯನ್ನು ನನ್ನ ಸಹಪಾಠಿಗಳ ಮುಂದೆ ಇಡಬೇಕೆಂಬುದೇ ನನ್ನ ಆಸೆ.

ವಿಟ್ಮನ್ ಹುಟ್ಟಿದ್ದು 1819ರ ಮೇ 31ರಂದು, ಲಾಂಗ್ ಐಲೆಂಡಿನ ವೆಸ್ಟ್ ಹಿಲ್ಸ್ ಎಂಬ ಹಳ್ಳಿಯಲ್ಲಿ. ತಂದೆ ಮನೆಗಳನ್ನು ಕಟ್ಟಿ ಮಾರುತ್ತಿದ್ದವನು. ಕೈಯಲ್ಲಿ ಕಸುಬಿತ್ತು, ವ್ಯವಹಾರದಲ್ಲಿ ಕೈಹಿಡಿಯುವ ಅದೃಷ್ಟವಿರಲಿಲ್ಲ. ಮಕ್ಕಳು ಬಹಳ, ಬಾಡಿಗೆಯ ಮನೆಗಳ ಬದಲಾವಣೆಯೂ ಬಹಳ. ವಾಲ್ಟನ ಶಾಲೆ ಹನ್ನೊಂದನೆಯ ವಯಸ್ಸಿಗೆ ಮುಗಿಯಿತು. ಒಬ್ಬ ವಕೀಲರ ಕಚೇರಿಯಲ್ಲಿ ಆಳುಹುಡುಗನಾಗಿ ಸೇರಿದ. ಆ ಮನೆಯವರು ದೊಡ್ಡ ಮನಸ್ಸು ಮಾಡಿ ಅವನನ್ನು ಒಂದು ಪುಸ್ತಕ ಭಂಡಾರಕ್ಕೆ ಸದಸ್ಯನನ್ನಾಗಿ ಮಾಡಿಸಿದರು. ಅರೇಬಿಯನ್ ನೈಟ್ಸ್ ಕಥೆಗಳೂ ಸರ್ ವಾಲ್ಟರ್ ಸ್ಕಾಟನ ಗ್ರಂಥಗಳೂ ಹೀಗೆ ಅವನ ಕೈಗೆ ಬಂದವು. ಮರುವರ್ಷ ಒಂದು ವಾರಪತ್ರಿಕೆಯ ಅಚ್ಚುಕೂಟ ಸೇರಿ ಮೊಳೆ ಜೋಡಿಸುವುದನ್ನು ಕಲಿತ. ಅವನ ಕಾಲೇಜು ಅದೇ. ಹದಿನೇಳನೆಯ ವಯಸ್ಸಿಗೆ ಹಳ್ಳಿಯ ಶಾಲೆಗಳಲ್ಲಿ ಉಪಾಧ್ಯಾಯನಾದ. 1846ರಲ್ಲಿ ‘ಬ್ರೂಕ್ಲಿನ್ ಈಗಲ್’ ಪತ್ರಿಕೆಯ ಸಂಪಾದಕನಾದ. ಹೊಸ ಪ್ರಾಂತಗಳಿಗೆ ಗುಲಾಮಗಿರಿ ಹರಡಕೂಡದೆಂಬ ಪಕ್ಷವನ್ನು ಹಿಡಿದುದರಿಂದ 1848ರಲ್ಲಿ ಆ ಕೆಲಸ ಹೋಯಿತು. ಅದೇ ವರ್ಷ ಕೆಲವು ತಿಂಗಳು ದಕ್ಷಿಣದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಪತ್ರಿಕೆಯ ಕೆಲಸ ಮಾಡಿದ. ಮನುಷ್ಯರನ್ನು ಹರಾಜು ಹಾಕುವ ಕಟ್ಟೆಗಳಿದ್ದ ಊರು ಅದು. ಹಿಂತಿರುಗಿ ಬಂದು ಮನೆಗಳನ್ನು ಕಟ್ಟುವ ವ್ಯವಹಾರಕ್ಕೆ ಇಳಿದ. ಸಂಜೆಗಳಲ್ಲಿ ಟಿಪ್ಪಣಿ ಪುಸ್ತಕಗಳಲ್ಲಿ ಏನನ್ನೋ ಬರೆಯುತ್ತಿದ್ದ.

ಆ ಬರವಣಿಗೆಯೇ 1855ರ ಪುಸ್ತಕವಾಯಿತು. ಪ್ರಕಾಶಕರು ಯಾರೂ ಮುಂದೆ ಬಂದಿರಲಿಲ್ಲ. ರೋಮ್ ಎಂಬ ಸೋದರರ ಅಚ್ಚುಕೂಟದಲ್ಲಿ ಕವಿ ತನ್ನ ಹಣದಿಂದಲೇ 795 ಪ್ರತಿಗಳನ್ನು ಅಚ್ಚು ಹಾಕಿಸಿದ. ಹಳೆಯ ಕಸುಬು ಮರೆತಿರಲಿಲ್ಲವಾದ್ದರಿಂದ ಕೆಲವು ಪುಟಗಳ ಮೊಳೆಗಳನ್ನು ಕೈಯಾರೆ ಜೋಡಿಸಿದ. ಒಂದು ದೀರ್ಘ ಮುನ್ನುಡಿ, ಪ್ರತ್ಯೇಕ ಹೆಸರುಗಳಿಲ್ಲದ 12 ಕವಿತೆಗಳು. ಪ್ರಾಸವಿಲ್ಲ, ಗಣಗಳ ಕಟ್ಟಿಲ್ಲ. ಸಮುದ್ರದ ತೆರೆಗಳಂತೆ ಒಂದರ ಮೇಲೊಂದು ಬರುವ ಉದ್ದುದ್ದದ ಸಾಲುಗಳು. ಬಡಗಿ, ದೋಣಿಯವ, ಉಳುವವ, ಓಡಿಬಂದ ಗುಲಾಮ, ತಾಯಿ, ಸೂಳೆ, ಅಧ್ಯಕ್ಷ, ಎಲ್ಲರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ಇಂಗ್ಲಿಷಿನಲ್ಲಿ ಎಲೆಗೂ ಪುಸ್ತಕದ ಹಾಳೆಗೂ ಒಂದೇ ಪದ. ಯಾರೂ ಬಿತ್ತದೆ ಎಲ್ಲೆಡೆ ಬೆಳೆಯುವ, ಎಲ್ಲರೂ ತುಳಿಯುವ ಹುಲ್ಲನ್ನೇ ಅವನು ತನ್ನ ಹಾಳೆಗಳಿಗೆ ಹೆಸರಾಗಿ ಆರಿಸಿಕೊಂಡ. ಆ ಕಾಲದ ಕವಿಗಳ ಚಿತ್ರಗಳಲ್ಲಿ ಕೋಟೂ ಕೊರಳಪಟ್ಟಿಯೂ ತಪ್ಪುತ್ತಿರಲಿಲ್ಲ. ಈ ಪುಸ್ತಕದ ಚಿತ್ರದಲ್ಲಾದರೋ, ಕೊರಳು ತೆರೆದ ಅಂಗಿ ತೊಟ್ಟು, ಹ್ಯಾಟನ್ನು ಓರೆ ಮಾಡಿ, ಸೊಂಟದ ಮೇಲೆ ಒಂದು ಕೈಯಿಟ್ಟು ನಿಂತ ಕೂಲಿಗಾರನೊಬ್ಬನಿದ್ದಾನೆ. ಆತನೇ ಕವಿ.

ಪುಸ್ತಕ ಹೊರಬಂದ ಕೆಲವೇ ದಿನಗಳಲ್ಲಿ, ಜುಲೈ 11ರಂದು, ತಂದೆ ತೀರಿಕೊಂಡ. ಸೋದರ ಜಾರ್ಜ್ ಬಹುಕಾಲದ ಮೇಲೆ ನೆನೆಸಿಕೊಂಡಂತೆ, ಅವನು ಪುಸ್ತಕವನ್ನು ಸ್ವಲ್ಪ ತಿರುವಿ ಹಾಕಿ, ಓದಲು ತಕ್ಕದ್ದೆಂದು ತೋರದೆ ಕೆಳಗಿಟ್ಟ. ‘ಹಯವಾಥಾ’ ಕೂಡ ಆ ಮನೆಗೆ ಬಂದಿತ್ತು. ಎರಡೂ ಅವರಿಗೆ ಒಂದೇ ಬಗೆಯ ಗೋಜಲಾಗಿ ಕಂಡವು. ಅದು ಕಾವ್ಯವೆನ್ನುವುದಾದರೆ ನಮ್ಮ ವಾಲ್ಟನದೂ ಕಾವ್ಯವಿದ್ದೀತು ಎಂಬುದು ತಾಯಿಯ ತೀರ್ಪು.

ಈ ಪ್ರಸಂಗವನ್ನು ಓದಿ ನಗುವವರುಂಟು. ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಪದವಿಯ ತರಗತಿಗೆ ಬಂದವನು ನಾನೇ ಮೊದಲಿಗ. ಬ್ಯಾಂಕಿನ ಕಾಗದವನ್ನು ಓದಿ ಹೇಳುವುದು, ಅರ್ಜಿ ಬರೆದುಕೊಡುವುದು, ಇವು ನನ್ನ ವಿದ್ಯೆಯಿಂದ ಅವ್ವನಿಗೆ ಕಾಣುವ ಫಲ. ನಾನು ಓದುವ ಕಾವ್ಯ ಆಕೆಗೆ ಕಾಣುವುದಿಲ್ಲ. ಆದರೂ ರಾತ್ರಿ ದೀಪ ಉರಿಯುತ್ತಿದ್ದರೆ ಆಕೆ ಅಡ್ಡಿ ಮಾಡಿದವಳಲ್ಲ. ವಿಟ್ಮನ್ನನ ತಾಯಿಯ ಮಾತಿನಲ್ಲಿ ನನಗೆ ಕೇಳಿದ್ದು ಅಂಥದೇ ಒಂದು ಒಪ್ಪಿಗೆ. ತಿಳಿಯದಿದ್ದರೂ ತಳ್ಳಿಹಾಕದ ಒಪ್ಪಿಗೆ ಅದು. ಮಗನೂ ಆಕೆಯನ್ನು ಕೀಳಾಗಿ ಕಾಣಲಿಲ್ಲ. ದೂರವಿದ್ದಾಗಲೆಲ್ಲ ಆಕೆಗೆ ತಪ್ಪದೆ ಕಾಗದ ಬರೆದ. 1873ರಲ್ಲಿ ಆಕೆ ತೀರಿಕೊಂಡಾಗ ಬಾಳಿನ ದೊಡ್ಡ ದುಃಖವೆಂದು ಬಗೆದ.

ಮನೆಯವರಿಗೆ ಕಾಣದ್ದು ಕಾಂಕರ್ಡಿನಲ್ಲಿದ್ದ ಎಮರ್ಸನ್ನನಿಗೆ ಕಂಡಿತು. ದೇಶದ ಹಿರಿಯ ಚಿಂತಕನಾದ ಆತ ಪರಿಚಯವೇ ಇಲ್ಲದ ಈ ಕವಿಗೆ ಜುಲೈ 21ರಂದು ಮುಕ್ತಕಂಠದ ಪ್ರಶಂಸೆಯ ಪತ್ರ ಬರೆದ. ವಿಟ್ಮನ್ ಆ ಖಾಸಗಿ ಪತ್ರವನ್ನು ಬರೆದವನ ಅನುಮತಿಯಿಲ್ಲದೆ ಅಕ್ಟೋಬರಿನಲ್ಲಿ ಪತ್ರಿಕೆಗೆ ಕೊಟ್ಟ. ಮರುವರ್ಷದ ಎರಡನೆಯ ಮುದ್ರಣದಲ್ಲಿ ಅದರ ಒಂದು ಮಾತನ್ನು ಪುಸ್ತಕದ ಬೆನ್ನಿನ ಮೇಲೆ ಬಂಗಾರದಲ್ಲಿ ಒತ್ತಿಸಿದ. ಸಾಲದೆಂಬಂತೆ ತನ್ನ ಕೃತಿಯನ್ನು ತಾನೇ ಹೊಗಳಿ, ಹೆಸರು ಹಾಕದೆ, ಮೂರು ವಿಮರ್ಶೆಗಳನ್ನು ಪ್ರಕಟಿಸಿದ. ಇದು ಸರಿಯಾದ ನಡತೆಯೆಂದು ನಾನು ಹೇಳಲಾರೆ. ಬೆನ್ನ ಹಿಂದೆ ವಿದ್ಯಾಪೀಠವಾಗಲಿ, ಬಂಧುಬಳಗವಾಗಲಿ, ಪ್ರಕಾಶಕನಾಗಲಿ ಇಲ್ಲದವನ ಆತುರ ಅದೆಂದು ಮಾತ್ರ ಅರ್ಥಮಾಡಿಕೊಳ್ಳಬಲ್ಲೆ. ಅಷ್ಟಾದರೂ ಪುಸ್ತಕ ಮಾರಾಟವಾದದ್ದು ಅತ್ಯಲ್ಪ.

ಅವನ ಮುಂದಿನ ಬಾಳೆಲ್ಲ ಆ ಒಂದು ಪುಸ್ತಕದ ಬೆಳವಣಿಗೆಯೆಂದರೆ ತಪ್ಪಾಗದು. 1862ರ ಡಿಸೆಂಬರಿನಲ್ಲಿ ಅಂತರ್ಯುದ್ಧದಲ್ಲಿ ಗಾಯಗೊಂಡ ಜಾರ್ಜನನ್ನು ಹುಡುಕಿಕೊಂಡು ರಣರಂಗಕ್ಕೆ ಹೋದವನು, ಅಲ್ಲಿಂದ ವಾಷಿಂಗ್ಟನ್ನಿಗೆ ಬಂದು ಆಸ್ಪತ್ರೆಗಳಲ್ಲಿ ಸಿಪಾಯಿಗಳ ಸೇವೆಗೆ ನಿಂತ. ತನ್ನದೇ ಲೆಕ್ಕದಂತೆ 600ಕ್ಕೂ ಹೆಚ್ಚು ಸಲ ಭೇಟಿಯಿತ್ತ. ಹಣ್ಣು, ತಂಬಾಕು, ಚಿಲ್ಲರೆ ಕಾಸು ಹಂಚುತ್ತಿದ್ದ. ಬರೆಯಲಾರದವರ ಪರವಾಗಿ ಅವರ ತಾಯಿತಂದೆಗಳಿಗೆ ಕಾಗದ ಬರೆಯುತ್ತಿದ್ದ. ಕವಿಯ ಲೇಖನಿಗೆ ಇದಕ್ಕಿಂತ ಹಿರಿದಾದ ಉಪಯೋಗ ಯಾವುದು! 1865ರಲ್ಲಿ, ಅಶ್ಲೀಲ ಗ್ರಂಥ ಬರೆದವನೆಂದು ಮೇಲಧಿಕಾರಿ ಅವನನ್ನು ಸರ್ಕಾರಿ ಗುಮಾಸ್ತೆಯ ಕೆಲಸದಿಂದ ತೆಗೆದುಹಾಕಿದ. 1873ರಲ್ಲಿ ಪಾರ್ಶ್ವವಾಯು ಬಡಿಯಿತು. 1882ರಲ್ಲಿ ಬಾಸ್ಟನ್ನಿನ ಸರ್ಕಾರಿ ವಕೀಲನ ಬೆದರಿಕೆಗೆ ಅಲ್ಲಿನ ಪ್ರಕಾಶಕರು ಮಾರಾಟ ನಿಲ್ಲಿಸಿದರು. ಕೆಲವು ಸಾಲುಗಳನ್ನು ತೆಗೆದರೆ ಸಾಕೆಂದಾಗಲೂ ವೃದ್ಧಕವಿ ಬಗ್ಗಲಿಲ್ಲ. ಫಿಲಡೆಲ್ಫಿಯಕ್ಕೆ ಹೋಗಿ ಅಚ್ಚು ಹಾಕಿಸಿದ.

1892ರ ಮಾರ್ಚ್ 26ರಂದು ಕ್ಯಾಮ್ಡೆನ್ ಪಟ್ಟಣದ ತನ್ನ ಸಣ್ಣ ಮನೆಯಲ್ಲಿ ವಿಟ್ಮನ್ ಕಣ್ಮುಚ್ಚಿದ. ಹನ್ನೆರಡು ಕವಿತೆಗಳ ಪುಸ್ತಕ ಅಷ್ಟು ಹೊತ್ತಿಗೆ ಸುಮಾರು 400 ಕವಿತೆಗಳ ಗ್ರಂಥವಾಗಿತ್ತು. ಹೆಸರು ಮಾತ್ರ ಬದಲಾಗಿರಲಿಲ್ಲ. ಓದು ಮನುಷ್ಯನನ್ನು ಹುಟ್ಟಿದ ಮನೆಯಿಂದ ದೂರ ಮಾಡುತ್ತದೆಂದು ನಮ್ಮಲ್ಲಿ ಹಲವರು ಅಂಜುತ್ತಾರೆ. ವಿಟ್ಮನ್ನನನ್ನು ಓದು ದೂರಕ್ಕೆ ಕರೆದೊಯ್ದದ್ದು ನಿಜ. ಆದರೆ ಬಡಗಿಯ ಮನೆಯ ಮಾತನ್ನೂ ಅಂಗಿಯನ್ನೂ ಅವನು ಹೊಸ್ತಿಲಲ್ಲಿ ಬಿಟ್ಟು ಹೋಗಲಿಲ್ಲ, ತನ್ನೊಡನೆ ಕಾವ್ಯದೊಳಕ್ಕೆ ಕೊಂಡೊಯ್ದ. ತಂದೆ ನೋಡದೆ ಹೋದ, ತಮ್ಮ ಓದದೆ ಕೆಳಗಿಟ್ಟ ಆ ಪುಸ್ತಕವೇ ಇಂದು 1855 ಎಂದೊಡನೆ ಮೊದಲು ನೆನಪಿಗೆ ಬರುತ್ತದೆ.