ಧರ್ಮವೀರ ಸಂತ ಜೋಸೆಫ್ ವಾಜ್

ಸಂತ ಪೌಲರು ಎಫೆಸದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ದೇವರ ಸರ್ವಾಯುಧಗಳನ್ನು ಧರಿಸಿಕೊಳ್ಳಲು ಕರೆಯಿತ್ತುದು ಒಬ್ಬ ವೀರನಿಗಲ್ಲ, ಇಡೀ ಸಭೆಗೆ. ಈ ಕರೆಯ ಅರ್ಥವನ್ನು ಬಾಳಿ ತೋರಿದ ಸಂತ ಜೋಸೆಫ್ ವಾಜರನ್ನು ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಸ್ಮರಿಸುವುದು ಯುಕ್ತವೆಂದು ಭಾವಿಸುತ್ತೇವೆ.

1651ರಲ್ಲಿ ಗೋವೆಯಲ್ಲಿ ಜನಿಸಿದ ಇವರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಿಂದ ಮೂರು ವರ್ಷಕಾಲ ನಮ್ಮ ಕರಾವಳಿಯ ಮಂಗಳೂರು, ಬಸರೂರು, ಗಂಗೊಳ್ಳಿಗಳಲ್ಲಿ ಸೇವೆ ಸಲ್ಲಿಸಿದರೆಂಬುದು ಕನ್ನಡ ನಾಡಿನ ಭಾಗ್ಯ.

ಆದರೆ ಅವರ ಮನಸ್ಸು ಸಿಂಹಳದ್ವೀಪದತ್ತ ಹರಿದಿತ್ತು. 1658ರಲ್ಲಿ ಯಾಳ್ಪಾಣವನ್ನು ಗೆದ್ದ ಡಚ್ಚರು ಅಲ್ಲಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಗುರುವಿಗೆ ಆಶ್ರಯವಿತ್ತವರಿಗೂ ಕಠಿಣ ಶಿಕ್ಷೆ ಕಾದಿತ್ತು. ಸುಮಾರು ಮೂವತ್ತು ವರ್ಷ ಪಾಪನಿವೇದನೆಯಿಲ್ಲ, ಬಲಿಪೂಜೆಯಿಲ್ಲ. 1687ರಲ್ಲಿ ವಾಜರು ಬಡಕೂಲಿಯ ವೇಷದಲ್ಲಿ ಆ ದಡ ಸೇರಿದರು. ಅತಿಸಾರದಿಂದ ಮರಣಾವಸ್ಥೆಗಿಳಿದ ಅವರನ್ನು ಸ್ತ್ರೀಯೊಬ್ಬಳು ತಂದಿತ್ತ ಗಂಜಿಯು ಉಳಿಸಿತೆಂದು ಚರಿತ್ರಕಾರರು ಬರೆದಿದ್ದಾರೆ. ಚೇತರಿಸಿಕೊಂಡ ಬಳಿಕ ಅವರು ಕೊರಳಿಗೆ ಜಪಮಾಲೆ ಧರಿಸಿ ಮನೆಮನೆಗೆ ಭಿಕ್ಷೆಗೆ ಹೊರಟರು. ಭಿಕ್ಷೆ ನೆಪಮಾತ್ರ, ಜಪಮಾಲೆಯನ್ನು ಕಂಡು ಯಾರ ಕಣ್ಣು ಅರಳುವುದೆಂದು ಅವರು ನೋಡುತ್ತಿದ್ದರು. ಅವರ ಬಳಿ ಇದ್ದ ಆಯುಧ ಅದೊಂದೇ. ಆದರೆ ಅದನ್ನು ಗುರುತಿಸಿ ಬಾಗಿಲು ತೆರೆದ ಗೃಹಸ್ಥನ ಧೈರ್ಯವೇನು ಕಡಿಮೆಯದೇ? ಆಸ್ತಿಪಾಸ್ತಿ, ಮಡದಿಮಕ್ಕಳು, ಎಲ್ಲವನ್ನೂ ಪಣಕ್ಕಿಟ್ಟೇ ಅವನು ಆ ಭಿಕ್ಷುಕನನ್ನು ಒಳಗೆ ಕರೆದನು. ಸಂತರ ಚರಿತ್ರೆಗಳಲ್ಲಿ ಇಂಥವರ ಹೆಸರು ಉಳಿಯುವುದಿಲ್ಲವೆಂಬುದು ನಮಗೆ ಖೇದಕರ. ಸಿಲ್ಲಾಲೆ ಎಂಬ ಗ್ರಾಮದವರು ಅವರನ್ನು ಅಡಗಿಸಿ ಕಾಪಾಡಿದರು. ರಾತ್ರಿಯ ಮರೆಯಲ್ಲಿ ಬಲಿಪೂಜೆ ನಡೆಯುತ್ತಿತ್ತು. ಡಚ್ಚರ ದಾಳಿಯಲ್ಲಿ ಸಿಕ್ಕಿಬಿದ್ದ ವಿಶ್ವಾಸಿಗಳು ಚಾವಟಿಯೇಟು ತಿಂದರೂ ಧರ್ಮವನ್ನು ತ್ಯಜಿಸಲಿಲ್ಲ.

1692ರಲ್ಲಿ ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದ ವಾಜರನ್ನು ಪೋರ್ತುಗೀಸರ ಗೂಢಚಾರರೆಂಬ ಶಂಕೆಯಿಂದ ಬಂಧಿಸಲಾಯಿತು. ಕಾಲಕ್ರಮದಲ್ಲಿ ಬೌದ್ಧನಾದ ರಾಜ ವಿಮಲಧರ್ಮಸೂರ್ಯನೇ ಅವರಿಗೆ ಅಭಯವಿತ್ತನು. 1697ರಲ್ಲಿ ಸಿಡುಬು ಹರಡಿ ಜನರು ನಗರ ಬಿಟ್ಟು ಓಡಿದಾಗ ವಾಜರೂ ಅವರ ಸೋದರಳಿಯ ಸ್ವಾಮಿ ಕಾರ್ವಾಲೊರವರೂ ರೋಗಿಗಳ ಶುಶ್ರೂಷೆಗೆ ನಿಂತರು.

ವಿಸ್ತಾರವಾದ ದ್ವೀಪ, ಬೆರಳೆಣಿಕೆಯ ಗುರುಗಳು. ಆದುದರಿಂದ ಅವರು ಊರೂರಿನಲ್ಲಿ ಗೃಹಸ್ಥರನ್ನೇ ಸಿದ್ಧಗೊಳಿಸಿದರು. ಗುರುಗಳಿಲ್ಲದ ಭಾನುವಾರಗಳಲ್ಲಿ ಅಣ್ಣಾವಿಗಳೆಂಬ ಉಪದೇಶಿಗಳು ಜನರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದರು, ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದರು, ಸಾಯುವವರ ಪಕ್ಕದಲ್ಲಿ ಕುಳಿತಿರುತ್ತಿದ್ದರು.

1711ರ ಜನವರಿ 16ರಂದು ವಾಜರು ಕ್ಯಾಂಡಿಯಲ್ಲಿ ದೈವಾಧೀನರಾದರು. ಡಚ್ಚರ ಆಳ್ವಿಕೆ ಇನ್ನೂ 85 ವರ್ಷ ಉಳಿದಿತ್ತು. ಅಣ್ಣಾವಿಗಳ ಭಾನುವಾರದ ಪ್ರಾರ್ಥನೆ ನಿಲ್ಲಲಿಲ್ಲ. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಕೊಲಂಬೊ ನಗರದಲ್ಲಿ ವಾಜರನ್ನು ಸಂತರೆಂದು ಘೋಷಿಸಿದರು.